ಟಿವಿ ಹಿಡಿದಿಡುವ ಮಾವ

ನನ್ನ ಸೋದರಮಾವನಿಗೆ ಟಿವಿ ನೋಡುವುದೆಂದರೆ ಆಗುತ್ತಿರಲಿಲ್ಲ. ಆದರೆ ಬ್ಯಾಡಗಿಯಲ್ಲಿ ಅವನಷ್ಟು ಟಿವಿಗಾಗಿ ಒದ್ದಾಡಿದವರು ಇನ್ನೊಬ್ಬರಿಲ್ಲ!

ಮೆಣಸಿನಕಾಯಿ ವ್ಯಾಪಾರಿ ಅವನು. ಅತ್ತೆಯ ಮೆಚ್ಚಿನ ಧಾರಾವಾಹಿ ಶುರುವಾಗುವ ಹೊತ್ತಿಗೇ ಮನೆಗೆ ಊಟಕ್ಕೆ ಬರುತ್ತಿದ್ದ. ಅತ್ತೆ ಅರ್ಧಕ್ಕೇ ಎದ್ದು ಬಡಿಸುವಳು. ಅದು ಅವನಿಗೆ ಸರಿಬರಲಿಲ್ಲ. ಪಾಪ, ಬೇರೆ ಯಾರಾದರೂ ಆಗಿದ್ದರೆ ತಾವೇ ಬಡಿಸಿಕೊಳ್ಳುತ್ತಿದ್ದರು. ಮಾವ ಧಾರಾವಾಹಿಯನ್ನು ಹಿಡಿದಿಟ್ಟು ಅವಳಿಗೆ ಆಮೇಲೆ ತೋರಿಸಲು ರಾಣೆಬೆನ್ನೂರಿಗೆ ಹೋಗಿ ಕಂಪ್ಯೂಟರ್ ಜೋಡಿಸಿಕೊಂಡು ಬಂದ! ಟಿವಿ ಹಿಡಿಯುವ ಒಂದು ಕಾರ್ಡು, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶದ ಸಿಡಿ.

"ಎಲ್ಲಾರೂ ಹಾಕ್ಕೊಳ್ಳೋದನ್ನೇ ಹಾಕ್ಕೋಬಾರದೇನು ಮಾವಾ?" ಎಂದೆ.

"ಇದರ ಒಳಗ ಏನೈತಿ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡಬಹುದೋ. ಚೀಲ ಬಿಚ್ಚಿ ನೋಡದ ಮೆಣಸಿನಕಾಯಿ ತಗೋತೇವೇನು?"

ವಾರಗಟ್ಟಲೆ ಕಪ್ಪು ಪರದೆಯ ಮೇಲೆ ಏನೇನೋ ಕುಟ್ಟಿದ. ಕೊನೆಗೊಂದು ದಿನ ಧಾರಾವಾಹಿ ಸಿಕ್ಕಿತು. ಆದರೆ ವೈರು ಎಲ್ಲಿ ತಪ್ಪಿತ್ತೋ, ತೆರೆಯ ಮೇಲೆ ಸೊಸೆ ಕಣ್ಣೀರಿಡುತ್ತಿದ್ದರೆ ಧ್ವನಿಯ ಜಾಗದಲ್ಲಿ ಹಿಡಿದದ್ದು ಪಕ್ಕದ ರೇಡಿಯೋದ ಕ್ರಿಕೆಟ್ ವಿವರಣೆ! ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾವ ನಗಲಿಲ್ಲ. "ಚಿತ್ರ ಖರೇ ಐತಿ, ಧ್ವನಿನೂ ಖರೇ ಐತಿ. ಎರಡಕ್ಕೂ ಇನ್ನೂ ಪರಿಚಯ ಆಗಿಲ್ಲ, ಅಷ್ಟ!"

ಮತ್ತೊಮ್ಮೆ ಕರೆಂಟು ಹೋಗಿಬಂದು ಕಂಪ್ಯೂಟರಿನ ಗಡಿಯಾರ ತಪ್ಪಿತು. ಧಾರಾವಾಹಿಯ ಬದಲು ಎಮ್ಮೆಗಳ ಆರೈಕೆ ಸಿಕ್ಕಿತು. "ಮಷೀನ್‌ದೇನೂ ತಪ್ಪಿಲ್ಲ, ಕರೆಂಟಿಂದು," ಎಂದು ಮಾವ ಹಟ ಹಿಡಿದು ಮನೆಗೆ ದೊಡ್ಡ ಬ್ಯಾಟರಿಯನ್ನೇ ತಂದ.

ಅಷ್ಟರಲ್ಲಿ ಟಿವಿಯವರು ಊರಿಗೆ ಬಂದು ಅತ್ತೆ ಮತ್ತು ಅವಳ ಗೆಳತಿಯರ ಸೋಬಾನೆ ಹಾಡುಗಳನ್ನು ಚಿತ್ರಿಸಿಕೊಂಡು ಹೋದರು. ಅದು ಪ್ರಸಾರವಾಗುವ ದಿನವೇ ಹಾವೇರಿಯಲ್ಲಿ ಅತ್ತೆಯ ಕಣ್ಣಿನ ಆಪರೇಷನ್! ಎರಡೂ ಕಣ್ಣಿಗೆ ವರ್ಷಗಳಿಂದ ಪೊರೆ. "ಬಹಳ ತಡ ಮಾಡಿದ್ದೀರಿ, ಎಷ್ಟು ಕಾಣುತ್ತದೋ ಹೇಳಲಾಗದು," ಎಂದಿದ್ದರು ಡಾಕ್ಟರು.

"ಹೋಗ್ಲಿ ಬಿಡ್ರಿ. ನಾ ಹಾಡಿದ್ದು ನನಗ ಗೊತ್ತಿಲ್ಲೇನು?" ಎಂದಳು ಅತ್ತೆ.

ಮಾವ ಯಂತ್ರದ ಕಾವಲಿಗೆ ನನ್ನನ್ನು ಕೂಡಿಸಿ ಅವಳ ಜೊತೆ ಹೊರಟ. ಆಸ್ಪತ್ರೆಯಿಂದ ಫೋನು ಬಂತು.

"ಕೆಂಪು ಚುಕ್ಕಿ ಬಂತೇನು?"

"ಬಂದೈತಿ ಮಾವಾ, ರೆಕಾರ್ಡ್ ಆಗಾಕತ್ತೈತಿ."

"ಹಂಗಾದ್ರ ಅದರ ಹತ್ರ ಉಸುರೂ ಬಿಡಬ್ಯಾಡ!"

"ಅತ್ತಿ ಹೆಂಗದಾಳ?"

"ಒಳಗ ಕರಕೊಂಡು ಹೋಗ್ಯಾರ," ಎಂದ. ಆ ದನಿ ನನ್ನ ಮಾವನದೆಂದು ನಂಬಲು ಕಷ್ಟವಾಯಿತು.

ಎರಡನೆಯ ಕಣ್ಣಿನದೂ ಮುಗಿದು, ಪಟ್ಟಿ ಬಿಚ್ಚಿದ ಮೇಲೆ ಮಾವ ಅತ್ತೆಯನ್ನು ತೆರೆಯ ಮುಂದೆ ಕೂರಿಸಿದ. ಚಿತ್ರ ಸ್ವಚ್ಛ, ಹಾಡು ಸ್ಪಷ್ಟ, ತುಟಿಗೂ ದನಿಗೂ ಕೂದಲೆಳೆಯ ಅಂತರವಿಲ್ಲ. ಇಂಥ ಗೆಲುವನ್ನು ಮಾವ ಊರೆಲ್ಲ ಸಾರದೆ ಬಿಡುತ್ತಾನೆಯೇ ಎಂದುಕೊಂಡೆ.

ಅತ್ತೆ ತೆರೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೆನ್ನೆ ಮುಟ್ಟಿಕೊಂಡಳು.

"ನನ್ನ ಮಾರಿ ಇಷ್ಟು ಸುಕ್ಕಾಗೇತೇನ್ರೀ?"

ಮಾವ ತಟ್ಟನೆ ಎದ್ದು ಕಂಪ್ಯೂಟರಿನ ತಲೆಯ ಮೇಲೊಂದು ಏಟು ಹಾಕಿದ.

"ಛೇ, ಛೇ! ಈ ಮಷೀನ ಸರಿ ಇಲ್ಲ."