ಬಟರ್‌ನಟ್ ಬೀದಿಗೆ ರಿಯಾಯಿತಿ ದರ

ಧಡಕ್, ಧಡಕ್, ಧಡಕ್! ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ನನ್ನ ಹೊಸ ಯಂತ್ರ ಮೊದಲ ಬಾರಿಗೆ ಹೆಜ್ಜೆ ಹಾಕಿದಾಗ ಅಡುಗೆಮನೆಯ ಕಪ್ಪುಗಳೆಲ್ಲ ಹಲ್ಲು ಕಡಿದವು. ನನ್ನ ಹೆಂಡತಿ ನೊರೀನ್ ಕೂಡ.

"ಅದು ಅಲ್ಲೇ ನಿಲ್ಲುತ್ತಾ, ಮನೆಯೊಳಗೂ ಬರುತ್ತಾ?" ಎಂದು ಬಾಗಿಲಲ್ಲಿ ನಿಂತು ಕೂಗಿದಳು.

"ಇದು ಬರೀ ಯಂತ್ರ ಅಲ್ಲ ನೊರೀನ್, ನಮ್ಮ ಭವಿಷ್ಯ!"

"ಹಾಗಾದರೆ ಭವಿಷ್ಯವನ್ನ ಸ್ವಲ್ಪ ಆಫ್ ಮಾಡು. ಅಪ್ಪ ಮಲಗಿದ್ದಾರೆ."

ಆಫ್ ಮಾಡಿದೆ. ಆದರೆ ಎದೆಯೊಳಗೆ ಹೊತ್ತಿಕೊಂಡಿದ್ದ ಮಹಾಸಂಕಲ್ಪವನ್ನು ಆಫ್ ಮಾಡುವ ಗುಂಡಿ ಎಲ್ಲಿತ್ತು? 'ರಕ್‌ಮನ್ ಲಾನ್ ಸೇವೆ' ಎಂಬ ಸಂಸ್ಥೆಯ ಏಕಮೇವಾದ್ವಿತೀಯ ಮಾಲೀಕನೂ ಏಕೈಕ ಕೂಲಿಯೂ ಎಲ್ಲ ಬೈಗುಳಗಳ ಅಧಿಕೃತ ಸ್ವೀಕಾರಕನೂ ಆದ ಗ್ಲೆನ್ ರಕ್‌ಮನ್ ಎಂಬ ನಾನು, ಈ ಶರತ್ಕಾಲದಲ್ಲಿ ಲಾನಿಗೆ ತೂತು ಕೊರೆಯುವ ಕೆಲಸಕ್ಕೆ ಎಂಥ ದರ ಕಟ್ಟುತ್ತೇನೆಂದರೆ, ಹಸಿರು ವ್ಯಾನುಗಳಲ್ಲಿ ಓಡಾಡುವ ದೊಡ್ಡ ಕಂಪನಿಗಳು ಓಹಾಯೋ ರಾಜ್ಯವನ್ನೇ ಬಿಟ್ಟು ಓಡಬೇಕು!

ನಮ್ಮ ಕಡೆ ಮನೆ ಮುಂದಿನ ಹುಲ್ಲಿನ ಲಾನ್ ಅಂದರೆ ಮನೆಯ ಮುಖ. ವರ್ಷವಿಡೀ ಮನುಷ್ಯರು, ನಾಯಿಗಳು, ಹಿಮ ಎಲ್ಲ ತುಳಿದು ತುಳಿದು ಅದರ ನೆಲ ಗಟ್ಟಿಯಾಗಿಬಿಡುತ್ತದೆ. ಚಳಿಗಾಲ ಬರುವ ಮೊದಲು ಯಂತ್ರ ಓಡಿಸಿ, ಬೆರಳುದ್ದದ ಮಣ್ಣಿನ ತುಂಡುಗಳನ್ನು ಕಿತ್ತು ಹುಲ್ಲಿನ ಮೇಲೇ ಉದುರಿಸಿ, ಬೇರಿಗೆ ಗಾಳಿ ನೀರು ಇಳಿಯುವಂತೆ ತೂತು ಮಾಡಬೇಕು. ಕೆಲಸ ಮುಗಿದ ಮೇಲೆ ಲಾನು ನೋಡಿದರೆ ಊರಿನ ಬಾತುಕೋಳಿಗಳೆಲ್ಲ ಮಹಾಸಭೆ ನಡೆಸಿ, ಕುರುಹು ಉಳಿಸಿ ಎದ್ದುಹೋದಂತೆ ಕಾಣುತ್ತದೆ. ಇದಕ್ಕೆ ಜನ ದುಡ್ಡು ಕೊಡುತ್ತಾರೆ. ನಿಜವಾಗಿಯೂ ಕೊಡುತ್ತಾರೆ!

ನನಗೆ ಮಾತ್ರ ಕಡಿಮೆ ಕೊಡುತ್ತಿದ್ದರು, ಯಾಕೆಂದರೆ ನಾನೇ ಕಡಿಮೆ ಕೇಳುತ್ತಿದ್ದೆ. ಅದಕ್ಕೇ ನೊರೀನ್ ಯಂತ್ರ ಕೊಳ್ಳುವ ದಿನವೇ ಗಡುವು ಹಾಕಿದ್ದಳು: "ಮೊದಲ ಹಿಮ ಬೀಳೋದರೊಳಗೆ ಈ ಯಂತ್ರದ ದುಡ್ಡು ಈ ಯಂತ್ರದಿಂದಲೇ ಬರಬೇಕು. ಬರಲಿಲ್ಲವೋ, ಇದನ್ನ ಮಾರಿ ಅಂಗಡಿ ಮುಚ್ಚಿ, ಕರ್ಟ್ ಹತ್ತಿರ ಟೈರು ಬದಲಾಯಿಸೋಕೆ ಹೋಗು." ಕರ್ಟ್ ಅವಳ ಅಣ್ಣ, ಟೈರಂಗಡಿಯ ದೊರೆ. ನನ್ನ ಸೋಲಿನ ಮೇಲೆ ಅವನಿಗೆ ಎಷ್ಟು ಭರವಸೆಯೆಂದರೆ ನನಗಾಗಿ ಸಮವಸ್ತ್ರ ಆಗಲೇ ತರಿಸಿಟ್ಟಿದ್ದಾನೆ. ಎದೆಯ ಮೇಲೆ ನನ್ನ ಹೆಸರೂ ಹೊಲಿಸಿದ್ದಾನೆ!

ಆ ಸಂಜೆ ಊಟದ ಮೇಜಿನ ಮೇಲೆ ನಾನು ದರ ಘೋಷಿಸಿದೆ.

"ಮನೆಗೆ ಎಂಬತ್ತು ಡಾಲರ್."

"ಪರವಾಗಿಲ್ಲ," ಎಂದಳು ನೊರೀನ್. ಅವಳ ಬಾಯಲ್ಲಿ ಅದು ಚಪ್ಪಾಳೆಗೆ ಸಮ. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು.

"ಇನ್ನೂ ಇದೆ! ಟ್ರೇಲರಿನಿಂದ ಯಂತ್ರ ಇಳಿಸೋದೇ ಅರ್ಧ ಕೆಲಸ. ಅಕ್ಕಪಕ್ಕದ ಮನೆಗಳನ್ನ ಒಟ್ಟಿಗೆ ಮಾಡಿದರೆ ನನಗೇ ಉಳಿತಾಯ. ಅದಕ್ಕೇ ನೆರೆಹೊರೆ ರಿಯಾಯಿತಿ! ಇನ್ನೊಂದು ಮನೆ ಸೇರಿದರೆ ಇಬ್ಬರಿಗೂ ಐದೈದು ಡಾಲರ್ ಕಡಿತ. ಮತ್ತೊಂದು ಸೇರಿದರೆ ಎಲ್ಲರಿಗೂ ಮತ್ತೆ ಐದು!"

"ಎಲ್ಲಿ ನಿಲ್ಲುತ್ತೆ?"

"ಏನು?"

"ಇಳಿಯೋದು. ಎಲ್ಲಿ ನಿಲ್ಲುತ್ತೆ ಅಂತ ಜಾಹೀರಾತು ಚೀಟಿಯಲ್ಲಿ ಹಾಕು."

ನಾನು ನಕ್ಕೆ. "ನೊರೀನ್, ಇದು ಬಟರ್‌ನಟ್ ಬೀದಿ! ಇಲ್ಲಿಯ ಜನಕ್ಕೆ ಪಕ್ಕದ ಮನೆ ನಾಯಿಯ ಹೆಸರು ಗೊತ್ತು, ಯಜಮಾನನ ಹೆಸರು ಗೊತ್ತಿಲ್ಲ. ಕಸದ ಡಬ್ಬಿ ಹೊರಗಿಡೋಕೂ ಪಕ್ಕದವರು ಒಳಗೆ ಹೋಗಲಿ ಅಂತ ಪರದೆ ಹಿಂದೆ ಕಾಯ್ತಾರೆ. ಎರಡು ಮನೆ ಸೇರಿದರೆ ಹೆಚ್ಚು!"

ಇಷ್ಟು ಭದ್ರವಾದ ಅಡಿಪಾಯದ ಮೇಲೆ ನನ್ನ ದರಪಟ್ಟಿ ನಿಂತಿತ್ತು.

ಈಗ ನಮ್ಮ ಮಾವನ ವಿಷಯ ಹೇಳಬೇಕು. ನೊರೀನಳ ತಂದೆ ವರ್ಜಿಲ್ ಈ ಊರಿನ ಶಾಲಾ ಬಸ್ಸು ಓಡಿಸುತ್ತಲೇ ಮುದುಕರಾದವರು. ಮಾರ್ಚ್ ತಿಂಗಳಲ್ಲಿ ನಮ್ಮ ಅತ್ತೆ ಓಪಲ್ ತೀರಿಕೊಂಡ ಮೇಲೆ ಅವರನ್ನು ನಮ್ಮ ಮನೆಗೆ ಕರೆತಂದೆವು. ಅಂದಿನಿಂದ ಗ್ಯಾರೇಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂರುತ್ತಿದ್ದರು. 'ಆಯ್ತು', 'ಬೇಡ', 'ಸಾಕು', ಇಷ್ಟರಲ್ಲೇ ಅವರ ದಿನ ಮುಗಿಯುತ್ತಿತ್ತು. ಚರ್ಚಿಗೆ ಹೋಗುವುದು ಬಿಟ್ಟಿದ್ದರು. ಯಾರಾದರೂ ಓಪಲ್ ಹೆಸರೆತ್ತಿದರೆ ಎದ್ದುಹೋಗಿ ಆಕಾಶ ನೋಡುತ್ತಿದ್ದರು, ಮಳೆ ಬರುತ್ತೇನೋ ಎಂಬಂತೆ. ಅತ್ತೆ ಹೇಗೆ ಹೋದರು ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ನೊರೀನ್ ಕೇಳಿದಾಗಲೆಲ್ಲ ಮೋಡವಿಲ್ಲದ ಬೇಸಿಗೆಯ ಆಕಾಶವನ್ನೂ ನೋಡಿದ್ದರು.

ಅವರ ಕುರ್ಚಿ ಸರಿಯಾಗಿ ನನ್ನ ಯಂತ್ರ ಹೊರಬರುವ ದಾರಿಯಲ್ಲಿತ್ತು. ಅದಕ್ಕೇ, ಬೇರಾವ ಉದಾತ್ತ ಉದ್ದೇಶವೂ ಇಲ್ಲದೆ, ಹೇಳಿದೆ: "ಮಾವ, ಈ ಚೀಟಿಗಳನ್ನ ನಮ್ಮ ಬೀದಿಯ ಬಾಗಿಲುಗಳಿಗೆ ಸಿಕ್ಕಿಸಿ ಬರ್ತೀರಾ? ಯಾರ ಹತ್ತಿರಾನೂ ಮಾತಾಡಬೇಕಾಗಿಲ್ಲ."

"ಆಯ್ತು," ಎಂದರು.

ಮಧ್ಯಾಹ್ನ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದರು.

"ಎಲ್ಲಾ ಮುಗೀತಾ ಮಾವ?"

"ಒಂದು ಮನೆ ಆಯ್ತು."

"ಒಂದೇ!"

"ಡನ್‌ಲೇವಿ ಮನೆ. ಬಾಗಿಲಲ್ಲೇ ಸಿಕ್ಕಿಬಿಟ್ಟಳು. ಒಳಗೆ ಕರೆದಳು. ಸೇಬಿನ ಪೈ ಇತ್ತು."

"ಯಂತ್ರದ ವಿಷಯ?"

"ಹೂಂ ಅಂದಳು. ಪೈಗೆ ದಾಲ್ಚಿನ್ನಿ ಜಾಸ್ತಿಯಾಗಿತ್ತು."

ಮಾರ್ಚಿನಿಂದೀಚೆಗೆ ಅವರಾಡಿದ ಅತಿ ಉದ್ದದ ಭಾಷಣ ಅದು. ಪಾತ್ರೆ ತೊಳೆಯುತ್ತಿದ್ದ ನೊರೀನಳ ಕೈ ನೀರಿನೊಳಗೇ ನಿಂತಿತು.

ಮರುದಿನ ಮಾವ ಬೆಳಿಗ್ಗೆಯೇ ಹೊರಟರು. ಫೋನು ಹೊಡೆದುಕೊಳ್ಳತೊಡಗಿತು. "ವರ್ಜಿಲ್ ಬಂದಿದ್ದರು, ನಮ್ಮನ್ನೂ ಸೇರಿಸಿಕೊಳ್ಳಿ." ಆಹಾ! ನಾನು ಗ್ಯಾರೇಜಿನಲ್ಲಿ ಕುಣಿದೆ. ಬೆಲೆ ಎಪ್ಪತ್ತಕ್ಕೆ ಬಂದಾಗಲೂ ಕುಣಿಯುತ್ತಿದ್ದೆ. ಐವತ್ತೈದಕ್ಕೆ ಬಂದಾಗ ಕಾಲು ತಾಳ ತಪ್ಪಿತು. ಒಂದು ಸಣ್ಣ ಸಂಗತಿ ನನ್ನ ವಾಣಿಜ್ಯ ಮೇಧಾಶಕ್ತಿಗೆ ಹೊಳೆದೇ ಇರಲಿಲ್ಲ. ಈ ಬೀದಿಯವರೆಲ್ಲ ಮಾವನ ಬಸ್ಸಿನಲ್ಲಿ ಕೂತೇ ಶಾಲೆ ಮುಗಿಸಿದವರು. ಬೂಟಿನ ದಾರ ಕಟ್ಟಿಕೊಳ್ಳುತ್ತ ತಡವಾದಾಗ ಹಾರ್ನ್ ಒತ್ತದೆ ಹಿಮದಲ್ಲಿ ಕಾದು ನಿಂತಿದ್ದ ಮನುಷ್ಯ ಬಾಗಿಲಿಗೆ ಬಂದರೆ, ಯಾರು ತಾನೇ ಪರದೆ ಹಿಂದೆ ಅಡಗುತ್ತಾರೆ?

"ನಲವತ್ತಾಯ್ತು," ಎಂದಳು ನೊರೀನ್, ಮಗುವಿನ ಜ್ವರ ನೋಡಿದವಳಂತೆ. "ಹೋಗು, ನಿಲ್ಲಿಸಿ ಬಾ."

"ನಿನ್ನ ಅಪ್ಪ. ನೀನೇ ಹೋಗು."

"ನಿನ್ನ ರಿಯಾಯಿತಿ!"

ಹೋದೆ. ಮಾವ ಸ್ಟಕಿಯ ಮನೆಯ ಮೆಟ್ಟಿಲ ಮೇಲಿದ್ದರು. ಸ್ಟಕಿ ಎಂದರೆ ನನಗೆ ಒಂದು ದಿನವೂ 'ಹಲೋ' ಎನ್ನದ ಪುಣ್ಯಾತ್ಮ. ಇಬ್ಬರೂ ತಲೆ ಬಗ್ಗಿಸಿ ಲಾನು ನೋಡುತ್ತಿದ್ದರು. ನಾನು ಪೊದೆಯ ಪಕ್ಕ ನಿಂತು, ಮಾತು ಮುಗಿಯಲಿ ಎಂದು ಕಾದೆ.

"ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ," ಎನ್ನುತ್ತಿದ್ದರು ಮಾವ. "ಹಸಿರಾಗೇ ಇರುತ್ತೆ. ಒಳಗೆ ಗಟ್ಟಿಯಾಗಿರುತ್ತೆ. ನೀರು ಹಾಕಿದರೂ ಇಳಿಯಲ್ಲ, ಮೇಲೇ ನಿಲ್ಲುತ್ತೆ."

ಸ್ಟಕಿ ತಲೆಯಾಡಿಸಿದ. ಹುಲ್ಲಿನಿಂದ ಕಣ್ಣೆತ್ತದೆ ಕೇಳಿದ: "ಓಪಲ್‌ಗೆ ಏನಾಗಿತ್ತು ವರ್ಜಿಲ್?"

ಈಗ ಇವರು ಆಕಾಶ ನೋಡುತ್ತಾರೆ ಎಂದುಕೊಂಡೆ. ನೋಡಿದರು. ಆಮೇಲೆ ಕಣ್ಣು ಕೆಳಗಿಳಿಸಿ ಹೇಳಿದರು: "ಕೋಟು ಹಾಕ್ಕೊಳ್ತಾ ಇದ್ದಳು. ಒಂದು ತೋಳು ಹಾಕಿದ್ದಳು. ಇನ್ನೊಂದು ನಾನು ಹಿಡ್ಕೊಂಡಿದ್ದೆ. ಅವಳು ಕೈ ತೂರಿಸಲೇ ಇಲ್ಲ."

ನಾನು ಪೊದೆಯ ಪಕ್ಕದಿಂದಲೇ ಹಿಂತಿರುಗಿದೆ.

"ಹೇಳಿದೆಯಾ?" ಎಂದಳು ನೊರೀನ್.

"ಇಲ್ಲ."

"ನಿನ್ನ ಬಾಯಿಗೆ ಏನಾಗಿತ್ತು?"

ಕೋಟಿನ ತೋಳಿನ ಮಾತು ಹೇಳಿದೆ. ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಸಿಂಕಿನಲ್ಲಿ ಒಂದು ಪಾತ್ರೆಯೂ ಇರಲಿಲ್ಲ. ನೀರು ಬಹಳ ಹೊತ್ತು ಸುರಿಯಿತು. ಆಮೇಲೆ ನನ್ನ ಕಡೆ ಬೆನ್ನು ಹಾಕಿಕೊಂಡೇ ಕೇಳಿದಳು: "ಈಗ ಎಷ್ಟಾಗಿದೆ?"

"ಮೂವತ್ತು."

ಗುರುವಾರ ಹದಿನೈದಾಯಿತು. ನಾನು ಕೊನೆಯ ಅಸ್ತ್ರ ತೆಗೆದೆ. "ಮುದ್ರಣದೋಷ ಅಂದುಬಿಡೋಣ! ಇಪ್ಪತ್ತೈದಕ್ಕಿಂತ ಕೆಳಗೆ ಇಲ್ಲ ಅನ್ನೋ ಸಾಲು ಬಿಟ್ಟುಹೋಗಿದೆ ಅಂತ."

"ಆ ಚೀಟಿ ಹಿಡ್ಕೊಂಡು ಮನೆಮನೆಗೆ ಹೋದವರು ಯಾರು?"

"ಮಾವ."

"ಹಾಗಾದರೆ ಸುಳ್ಳುಗಾರ ಅನ್ನಿಸಿಕೊಳ್ಳೋದು ಯಾರು? ಅದೂ ಈಗ?"

ಅಸ್ತ್ರ ಒಳಗೆ ಹೋಯಿತು. ಶುಕ್ರವಾರ ಸಂಜೆ ಬೀದಿಯ ಹದಿನೇಳನೆಯ, ಕೊಟ್ಟಕೊನೆಯ ಮನೆ ಸೇರಿತು. ಪ್ರತಿಯೊಬ್ಬರಿಗೂ ಹದಿನಾರು ನೆರೆಹೊರೆಯವರು, ತಲೆಗೆ ಐದು ಡಾಲರ್. ಒಟ್ಟು ಕಡಿತ ಎಂಬತ್ತು. ಎಂಬತ್ತರಲ್ಲಿ ಎಂಬತ್ತು ಕಳೆದರೆ ಎಷ್ಟೆಂದು ನಾನು ಮೂರು ಸಲ ಲೆಕ್ಕ ಹಾಕಿದೆ. ಗಣಿತಕ್ಕೆ ಕರುಣೆ ಎಂಬುದಿಲ್ಲ!

"ಬೀದಿಯಾದರೂ ಮುಗೀತಲ್ಲ," ಎಂದೆ.

"ಅದೊಂದೇ ಪುಣ್ಯ," ಎಂದಳು ನೊರೀನ್. "ಇನ್ನೊಂದು ಮನೆ ಇದ್ದಿದ್ದರೆ ನೀನೇ ದುಡ್ಡು ಕೊಟ್ಟು ತೂತು ಕೊರೀಬೇಕಿತ್ತು."

ಶನಿವಾರ ಬೆಳಕು ಹರಿಯುತ್ತಲೇ ಶುರುವಾಯಿತು ಉಚಿತ ಮಹಾಯಾಗ. ನೀರು ಚಿಮ್ಮುವ ನಳಿಕೆಗಳು ಎಲ್ಲಿವೆಯೆಂದು ಹುಲ್ಲಿನಲ್ಲಿ ಪುಟ್ಟ ಬಾವುಟ ನೆಟ್ಟಿಡುವುದು ಮನೆಯವರ ಕೆಲಸ. ಸ್ಟಕಿ ನೆಟ್ಟಿದ್ದ. ಅವನ ನಾಯಿ ಅಷ್ಟನ್ನೂ ಕಿತ್ತು ತನ್ನ ಗೂಡಿನಲ್ಲಿ ರಾಶಿ ಹಾಕಿಕೊಂಡಿತ್ತು. ಧಡಕ್ ಎಂದಿತು ಯಂತ್ರ. ಆಳೆತ್ತರದ ಕಾರಂಜಿ ಎದ್ದಿತು! ತಲೆಯಿಂದ ಬೂಟಿನವರೆಗೆ ನೆನೆದ ನಾನು ಒಡೆದ ಕೊಳವೆಯ ರಿಪೇರಿಗೆ ನನ್ನ ಕೈಯಿಂದಲೇ ದುಡ್ಡು ಹಾಕಿದೆ. ಹೀಗೆ ನನ್ನ ಸೊನ್ನೆ ಆದಾಯವೂ ಸೊನ್ನೆಯಾಗಿ ಉಳಿಯಲಿಲ್ಲ.

ಸದ್ದಿಗೆ ಜನ ಹೊರಬಂದರು. ಬಂದವರು ಒಳಗೆ ಹೋಗಲಿಲ್ಲ. ಡನ್‌ಲೇವಿ ಕಾಫಿ ತಂದಳು. ಯಾರೋ ಕುರ್ಚಿ ತಂದರು. ಮಣ್ಣಿನ ತುಂಡುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ಈ ಮನೆಯವರು ಆ ಮನೆಗೆ ಹೋದರು. ಮಾವ ನನ್ನ ಮುಂದೆ ಮುಂದೆ ನಡೆಯುತ್ತ ಬಿದ್ದ ಕೊಂಬೆಗಳನ್ನು ಆರಿಸುತ್ತಿದ್ದರು. ಒಮ್ಮೆ ಅವರು ನಕ್ಕದ್ದು ಯಂತ್ರದ ಸದ್ದಿನ ನಡುವೆಯೂ ಕೇಳಿಸಿತು. ನಮ್ಮ ಬಾಗಿಲಲ್ಲಿದ್ದ ನೊರೀನ್ ಅತ್ತ ನೋಡಿದಳು, ತಕ್ಷಣ ಒಳಗೆ ಹೋದಳು. ಸಂಜೆಗೆ ನನ್ನ ಸಂಪಾದನೆ: ಏಳು ಪೈ, ಒಂದು ಬಟ್ಟಲು ಕೋಳಿ ಸೂಪು. ಕರ್ಟ್ ತರಿಸಿದ ಸಮವಸ್ತ್ರ ಸೊಂಟದ ಹತ್ತಿರ ಬಿಗಿಯಾಗಲು ಅಷ್ಟು ಸಾಕು.

ಯಂತ್ರವನ್ನು ಟ್ರೇಲರಿಗೆ ಹತ್ತಿಸುತ್ತಿದ್ದಾಗ ನೊರೀನ್ ಕೇಳಿದಳು: "ಅಪ್ಪ ಎಲ್ಲಿ?"

ಬೀದಿಯ ತುದಿಗೆ ಕಣ್ಣು ಹಾಯಿಸಿದೆ. ಹಿಕರಿ ಬೀದಿಯ ತಿರುವಿನಲ್ಲಿ ಮಾವನ ಬೆನ್ನು. ಕಂಕುಳಲ್ಲಿ ಉಳಿದ ಚೀಟಿಗಳು!

"ನೊರೀನ್! ಬೇರೆ ಬೀದಿಗೆ ಹೊರಟಿದ್ದಾರೆ!"

"ಓಡು," ಎಂದಳು. ನಾನು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗಿದಳು: "ಜೋರು ಮಾಡಬೇಡ ಗ್ಲೆನ್!"

ಮಣ್ಣು ಮೆತ್ತಿದ ಬೂಟುಗಳಲ್ಲಿ ಓಡಿ ತಿರುವಿನಲ್ಲಿ ಹಿಡಿದೆ.

"ಮಾವ, ನಿಲ್ಲಿ! ಈ ಬೀದಿ ಬೇಡ."

"ಯಾಕೆ?"

"ಬೆಲೆ ಸೊನ್ನೆಯಾಗಿದೆ. ಇನ್ನೊಂದು ಮನೆ ಸೇರಿದರೆ ನಾನೇ ಎಲ್ಲರಿಗೂ ಐದೈದು ಕೊಡಬೇಕು. ಈಗಾಗಲೇ ಯಂತ್ರ ಮಾರೋ ಹಾಗಾಗಿದೆ. ನಾನು ಕರ್ಟ್ ಹತ್ತಿರ ಟೈರು ಕಳಚೋಕೆ ಹೋಗಬೇಕು!"

ಬಸ್ಸಿನ ಕನ್ನಡಿಯಲ್ಲಿ ನೋಡುತ್ತಲೇ ಮಕ್ಕಳ ದೂರು ಕೇಳುತ್ತಿದ್ದವರ ಹಾಗೆ ಅವರು ಮುಖ ತಿರುಗಿಸದೆ ಎಲ್ಲ ಕೇಳಿಸಿಕೊಂಡರು.

"ಟೈರು ಒಳ್ಳೆ ಕೆಲಸ ಕಣಯ್ಯಾ," ಎಂದರು. "ಮಳೆಯಲ್ಲಿ ನೆನೆಯೋ ಹಾಗಿಲ್ಲ."

"ಮಾವ!"

"ಆ ಹಳದಿ ಮನೆ ನೋಡು. ಜನೀನ್ ಅಂತ. ಚರ್ಚಿನಲ್ಲಿ ಓಪಲ್ ಪಕ್ಕ ನಿಂತು ಹಾಡ್ತಿದ್ದವಳು. ಹೋದ ಚಳಿಗಾಲದಲ್ಲಿ ಮಗಳ ಊರಿಗೆ ಹೋದವಳು ಈಗಷ್ಟೇ ಬಂದಿದ್ದಾಳೆ."

"ಅವರಿಗೆ ಇಷ್ಟು ಹೊತ್ತಿಗೆ ಅತ್ತೆಯ ವಿಷಯ ಗೊತ್ತಾಗಿರುತ್ತೆ ಮಾವ. ಯಾರಾದರೂ ಹೇಳಿರ್ತಾರೆ."

"ಹೇಳಿರಬಹುದು. ನಾನು ಹೇಳಿಲ್ಲ." ಅವರು ಚೀಟಿಗಳ ಅಂಚನ್ನು ಒಂದೇ ಸಮ ಮಾಡಿದರು. "ಡನ್‌ಲೇವಿ ಮನೇಲಿ ನನ್ನ ಕೈಲಿ ಆಗಲೇ ಇಲ್ಲ. ಪೈ ತಿಂದು ಬಂದುಬಿಟ್ಟೆ. ಮುಂದಿನ ಮನೇಲಿ ಅರ್ಧ ಹೇಳಿದೆ. ಈಗ ಕೊನೆವರೆಗೂ ಹೇಳೋಕೆ ಬರುತ್ತೆ."

ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಆದರೂ ನೋಡಿ, ವ್ಯಾಪಾರಿಯ ನಾಲಿಗೆ ಎಷ್ಟು ಗಟ್ಟಿ! "ಸರಿ ಮಾವ, ಹೋಗಿ. ಕೂತು ಮಾತಾಡಿ. ಚೀಟಿ ಮಾತ್ರ ನನ್ನ ಕೈಗೆ ಕೊಟ್ಟುಹೋಗಿ. ಯಂತ್ರದ ಮಾತು ಎತ್ತಬೇಡಿ, ಯಾಕಂದ್ರೆ ನಮ್ಮ ದರ—"

"ಬರಿಗೈಯಲ್ಲಿ ಹೇಗಯ್ಯಾ ಬಾಗಿಲು ತಟ್ಟೋದು?" ಎಂದರು.

ಆದರೂ ಚೀಟಿಗಳಿಗೆಂದು ನಾನು ಕೈ ಚಾಚಿದೆ. ಅಷ್ಟರಲ್ಲಿ ಅವರು ಒಂದು ಚೀಟಿಯನ್ನು ಮೇಲಕ್ಕೆಳೆದು, ಅಂಗೈಯಿಂದ ಕೂದಲು ಸವರಿಕೊಂಡು, ಹಳದಿ ಮನೆಯ ಕಡೆಗೆ ನಡೆದುಬಿಟ್ಟಿದ್ದರು.