ಅಧ್ಯಕ್ಷರ ಕಣ್ಣೀರಿನ ಮೂಲ

“ಅಣ್ಣನ ಕಣ್ಣಲ್ಲಿ ನೀರು ಬಂದಿದ್ದು ನಿಜ ಕಣ್ರೀ. ಬರ್ಕೊಳ್ಳಿ.”

“ನೀನು ಹೇಳಿದ್ದನ್ನ ಬರ್ಕೊಳ್ಳೋ ಹಾಗಿಲ್ಲ. ನೀನು ಅವನ ತಂಗಿ.”

“ತಂಗಿಗೆ ಗೊತ್ತಿಲ್ಲದ್ದು ಇನ್ಯಾರಿಗೆ ಗೊತ್ತಿರುತ್ತೆ?”

“ಅದೇ ತೊಂದರೆ.”

ಊಟದ ಮೇಜಿನ ತುಂಬ ಹಳೆಯ ಪತ್ರಿಕೆಗಳು ಹರಡಿದ್ದವು. ಊರಿನ ಗಣ್ಯರನ್ನು ಪರಿಚಯಿಸುವ ಗ್ರಂಥ ಬರೆಯುವ ಹೊಣೆ ನಿವೃತ್ತ ಗ್ರಂಥಪಾಲಕರ ಹೆಗಲಿಗೆ ಬಿದ್ದಿತ್ತು. ತೀರಿಕೊಂಡವರ ವಿಷಯ ಸಲೀಸಾಗಿ ಮುಗಿದಿತ್ತು. ಅವರ್ಯಾರೂ ಎದ್ದು ಬಂದು ಜಗಳಕ್ಕೆ ನಿಲ್ಲುವುದಿಲ್ಲ. ಉಳಿದವರು ಪುರಸಭೆಯ ಅಧ್ಯಕ್ಷರು. ಅಂಗಡಿ ಮಳಿಗೆಗಳಿಗಾಗಿ ಹಳೆಯ ಗ್ರಂಥಾಲಯವನ್ನೇ ಕೆಡವಿಸಿದವರು, ಸಾಲದ್ದಕ್ಕೆ ಗ್ರಂಥಪಾಲಕರ ಹೆಂಡತಿಯ ಅಣ್ಣ. ಅರ್ಧ ಊರು ಅವರನ್ನು ಹೊಗಳುತ್ತಿತ್ತು, ಇನ್ನರ್ಧ ಹಲ್ಲು ಕಡಿಯುತ್ತಿತ್ತು. ಸಂಜೆಯೊಳಗೆ ಬರಹ ಅಚ್ಚಿಗೆ ಹೋಗಬೇಕು. ಪುಸ್ತಕದಲ್ಲಿ ಅಣ್ಣ ರಾಕ್ಷಸನಾಗಿ ಕೂರಬಾರದೆಂದು ಹೆಂಡತಿ ಬೆಳಗಿನಿಂದ ಅಡುಗೆಮನೆಗೂ ಮೇಜಿಗೂ ಓಡಾಡುತ್ತಿದ್ದರು.

“ಇಲ್ಲಿವರೆಗೆ ಏನು ಬರೆದಿದ್ದೀರಿ, ಓದಿ.”

ಗ್ರಂಥಪಾಲಕರು ಗಂಟಲು ಸರಿಮಾಡಿಕೊಂಡರು. “ಕಲ್ಲೆದೆಯ ಈ ಅಧ್ಯಕ್ಷರು...”

“ಕಲ್ಲೆದೆಗೆ ಮೂಲ ಯಾವುದು?”

“ಅದು... ಊರೇ ಹೇಳುತ್ತೆ.”

“ಊರಲ್ಲಿ ಯಾರು, ನೀವೇ ತಾನೆ? ತಂಗಿ ಸಾಕ್ಷಿ ಆಗಬಾರದು, ಗ್ರಂಥಾಲಯದಲ್ಲಿ ಕೂತಿದ್ದ ಕುರ್ಚಿ ಕಳ್ಕೊಂಡವರು ನ್ಯಾಯಾಧೀಶರಾಗಬಹುದಾ?”

ಗ್ರಂಥಪಾಲಕರು ಪತ್ರಿಕೆಗಳ ರಾಶಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು.

“ನೋಡಿಲ್ಲಿ. ‘ಗ್ರಂಥಾಲಯ ಉರುಳಿದ ದಿನ ಅಧ್ಯಕ್ಷರು ಕಣ್ಣೀರಿಟ್ಟರೆಂದು ವಿಶ್ವಾಸಾರ್ಹ ಮೂಲಗಳು ತಿಳಿಸಿವೆ.’ ಮೂರು ಪತ್ರಿಕೆಯಲ್ಲೂ ಇದೆ. ಆಧಾರ ಅಂದ್ರೆ ಇದು ಕಣೇ. ನೀನೂ ಇದನ್ನೇ ಹೇಳ್ತಿದ್ದೆ, ಆದ್ರೆ ಹೇಳೋರಿಗೂ ಒಂದು ಯೋಗ್ಯತೆ ಬೇಕು.”

ಕಲ್ಲೆದೆಯನ್ನು ಹೊಡೆದುಹಾಕಿ ಕಣ್ಣೀರನ್ನು ಬರೆದುಕೊಂಡರು. ಹೆಂಡತಿ ಪತ್ರಿಕೆಯನ್ನು ಹತ್ತಿರ ಹಿಡಿದು ಓದಿ, ಬಾಯಿಗೆ ಕೈ ಅಡ್ಡ ಹಿಡಿದರು.

“ಯಾಕೆ ನಗ್ತೀಯ?”

“ಈ ವಿಶ್ವಾಸಾರ್ಹ ಮೂಲ ಮಾರನೇ ದಿನ ಹಿತ್ತಲಲ್ಲಿ ಬಟ್ಟೆ ಒಣಗಿಸ್ತಿತ್ತು. ವರದಿಗಾರ ಕಾಂಪೌಂಡಿನಾಚೆ ನಿಂತು ಕೇಳಿದ. ಮಿಕ್ಕಿಬ್ಬರು ಅವನದ್ದನ್ನೇ ನೋಡಿ ಬರೆದಿರ್ಬೇಕು.”

ಗ್ರಂಥಪಾಲಕರ ಪೆನ್ನು ನಿಂತಿತು. “ನೀನಾ?”

“ಹೆಸರು ಬೇಡ ಅಂದಿದ್ದೆ. ಮರ್ಯಾದಸ್ಥ, ಹಾಕಿಲ್ಲ.”

ಅವರು ಕನ್ನಡಕ ತೆಗೆದಿಟ್ಟು, ಹೋಗಲಿ, ಅತ್ತದ್ದಾದರೂ ಖಂಡಿತವೇ ಎಂದು ಸೋತ ದನಿಯಲ್ಲಿ ಕೇಳಿದರು.

“ನೀರು ಬಂದಿದ್ದು ಖಂಡಿತ. ಗೋಡೆ ಬಿದ್ದಾಗ ಕಣ್ಣಿಗೆ ಧೂಳು ಹೋಗಿತ್ತಲ್ಲ. ಅದನ್ನೂ ಹೇಳಿದ್ದೆ. ಆ ವರದಿಗಾರ ಧೂಳು ಬಿಟ್ಟು ಕಣ್ಣೀರು ಮಾತ್ರ ಹಾಕ್ಕೊಂಡಿದಾನೆ.”

“ಬೆಳಗ್ಗೆಯಿಂದ ನನಗ್ಯಾಕೆ ಹೇಳ್ಲಿಲ್ಲ?”

“ತಂಗಿ ಮಾತು ಕೇಳೋ ಹಾಗಿಲ್ಲ ಅಂದ್ರಲ್ಲ. ಗೋಡೆ ಬಿದ್ದಾಗ ನನ್ನೆದುರಿಗೇ ಅಣ್ಣನ ಕರ್ಚೀಫ್ ಇಸ್ಕೊಂಡು ನೀವೂ ಕಣ್ಣೊರೆಸ್ಕೊಂಡ್ರಿ. ನಿಮ್ಮದು ಧೂಳೋ, ದುಃಖವೋ?”

ಗ್ರಂಥಪಾಲಕರು ಕಿಟಕಿಯ ಕಡೆ ನೋಡಿದರು. “ಅದಕ್ಕೆ ಆಧಾರ ಸಿಗೋದು ಕಷ್ಟ.”

ಕಲ್ಲೆದೆಯ ಹಿಂದೆಯೇ ಕಣ್ಣೀರೂ ಹೋಯಿತು. ಕಟ್ಟಡ ಕೆಡವಲು ಸಭೆ ಮಾಡಿದ ನಿರ್ಣಯ, ವಿರೋಧಿಸಿದವರ ಆಕ್ಷೇಪ, ಅದಕ್ಕೆ ಅಧ್ಯಕ್ಷರು ಕೊಟ್ಟ ಉತ್ತರ, ಇಷ್ಟು ಉಳಿಯಿತು. ಓದಿಸಿ ಕೇಳಿದ ಹೆಂಡತಿಗೆ ಅಣ್ಣ ಅದರಲ್ಲಿ ಅಣ್ಣನ ಹಾಗೆಯೇ ಕಂಡ. ತಲೆಯಾಡಿಸಿ ಎದ್ದರು.

“ಪತ್ರಿಕೆ ತೆಗೀರಿ, ತಟ್ಟೆ ಇಡ್ತೀನಿ. ಇವತ್ತಿನ ಅಡುಗೆಗೆ ಉಪ್ಪು ಜಾಸ್ತಿ ಅನ್ನೋದಕ್ಕೂ ಮೂರು ಮೂಲ ಬೇಕು. ಮನೇಲಿರೋದು ನಾವಿಬ್ಬರೇ, ನೆನಪಿರಲಿ.”