ಉಳುಕಿದ ಹೆಬ್ಬೆರಳು

ಮುಪ್ಪಿನ ರೋಗಕ್ಕೆ ಮೂವತ್ತು ತುಂಬದವನ ಕಾಲಿನ ಹೆಬ್ಬೆರಳೇ ಬೇಕಿತ್ತೇ? ಆಕ್ಲೆಂಡಿನ ಮಾಂಗೆರೆ ಬಡಾವಣೆಯ ಸೆಫೊನಿಗೆ ಭಾನುವಾರ ಬೆಳಗ್ಗೆ ಎದ್ದಾಗಿನಿಂದ ಇದೇ ಸಿಟ್ಟು. ಬೆರಳು ಬದನೆಕಾಯಿಯಂತೆ ಊದಿ ಕೆಂಪೇರಿತ್ತು. ಹೊದಿಕೆಯ ಅಂಚು ತಗುಲಿದರೂ ಪ್ರಾಣ ಹೋಗುತ್ತಿತ್ತು. (ಹೊದಿಕೆ ಎಳೆದವಳು ಹೆಂಡತಿ ಮಸಿನಾ; ಆ ಸಿಟ್ಟು ಬೇರೆ.)

"ಇದು ಗೌಟು, ಕೀಲಲ್ಲಿ ಯೂರಿಕ್ ಆಸಿಡ್ ಹರಳು ಕಟ್ಟಿದೆ, ದಿನಾ ಮಾತ್ರೆ ತಗೋ ಅಂತ ಡಾಕ್ಟ್ರು ಬಡ್ಕೊಂಡ್ರು. ನೀನು ನೋವು ಹೋದ ದಿನವೇ ಮಾತ್ರೆನೂ ಬಿಟ್ಟೆ," ಎಂದಳು ಮಸಿನಾ.

"ನೋವೇ ಇಲ್ದಾಗ ಯಾಕೆ ನುಂಗ್ಲಿ? ಮಳೆ ಇಲ್ದಾಗ ಕೊಡೆ ಹಿಡೀತಾರಾ?"

"ಸೂರು ಹಾಕ್ಸೋದು ಮಳೆ ಇಲ್ದಾಗ್ಲೇ ಮಾರಾಯ!"

"ಬಾಯ್ಮುಚ್ಚು! ನಿಮ್ಮಪ್ಪನ ಮುಂದೆ ಗೌಟ್ ಅಂದೀಯಾ, ಹುಷಾರು. ಉಳುಕು ಅಂತ ಹೇಳ್ತೀನಿ."

ಕಾರಣವಿತ್ತು. ಚರ್ಚಿನ ರಗ್ಬಿ ತಂಡದ ಕೋಚ್ ಆಗಿದ್ದ ಮಾವ ಅಂದಿನ ಊಟದಲ್ಲೇ ಹೊಸ ನಾಯಕನ ಹೆಸರು ಹೇಳುವವರಿದ್ದರು; ಸೆಫೊನ ಕಣ್ಣು ಆ ಪಟ್ಟದ ಮೇಲೇ ಇತ್ತು. ಉಳುಕು ವೀರನ ಲಕ್ಷಣ. ಗೌಟೆಂದರೆ ತಿಂದು ಕೊಬ್ಬಿದವನ ಕಾಯಿಲೆ ಎಂದು ಸಮೋವಾ ದ್ವೀಪದಿಂದ ಬಂದ ಇವರ ಇಡೀ ಕೇರಿ ನಗುತ್ತದೆ. ಅದು ವಂಶದಿಂದಲೂ ಬರುತ್ತದೆಂದು ಡಾಕ್ಟರು ಹೇಳಿದ್ದು ನಿಜ; ಕೇರಿಗೆ ಹೋಗಿ ಹೇಳುವವರು ಯಾರು?

ಪ್ರಾರ್ಥನೆ ಮುಗಿಸಿ ಸೆಫೊ ಕುಂಟುತ್ತ ಮಾವನ ಮನೆ ಹೊಕ್ಕ. ಚಾಪೆಯ ಮೇಲೆ ಹಂದಿಮಾಂಸ, ತೆಂಗಿನ ಹಾಲಲ್ಲಿ ಬೆಂದ ಕೆಸುವಿನೆಲೆ. ಸುತ್ತ ತಂಡದ ಹುಡುಗರು. ಹಿರಿಯರತ್ತ ಕಾಲು ಚಾಚಿದರೆ ಮರ್ಯಾದೆ ಹೋಗುತ್ತದೆ, ಮಡಿಚಿದರೆ ಜೀವ ಹೋಗುತ್ತದೆ.

"ಕಾಲಿಗೇನಾಯ್ತೋ ಅಳಿಯಾ?" ಎಂದರು ಅತ್ತೆ ಸಿನಾ.

"ಆಟದಲ್ಲಿ ಉಳುಕಿತು ಅತ್ತೆ."

ಹೇಳಿದ ಮೇಲೆ ನೆನಪಾಯಿತು: ಉಳುಕು ತೆಗೆಯುವುದರಲ್ಲಿ ಅತ್ತೆ ಇಡೀ ಬಡಾವಣೆಗೇ ಹೆಸರುವಾಸಿ.

"ತಾನಾಗೇ ಹೋಗುತ್ತೆ ಬಿಡಿ ಅತ್ತೆ..."

"ತಾನಾಗೇ ಹೋಗೋ ಹಾಗಿದ್ರೆ ನಾನ್ಯಾಕೆ ಇದೀನಿ?" ಅತ್ತೆ ತೆಂಗಿನೆಣ್ಣೆ ಸುರಿದು, ಗಾಣದಂಥ ಕೈಗಳಲ್ಲಿ ಆ ಹೆಬ್ಬೆರಳನ್ನು ಹಿಡಿದು ಹಿಂಡಿದರು.

"ಗೌಟೂ! ಗೌಟು ಅತ್ತೇ! ಬಿಡ್ರೀ!" ಸೆಫೊನ ಸಿಂಹಗರ್ಜನೆಗೆ ಕಿಟಕಿಯ ಗಾಜು ಅದುರಿತು.

ಅತ್ತೆ ಬಿಟ್ಟರು. "ಗೊತ್ತು ಕಣೋ. ಬೆಳಗ್ಗೆಯೇ ಮಸಿನಾ ಫೋನ್ ಮಾಡಿದ್ಲು."

"ಮತ್ಯಾಕೆ ಹಿಂಡಿದ್ರಿ?"

"ಉಳುಕಿದ್ದು ನಿನ್ನ ಕಾಲಲ್ಲ, ನಾಲಿಗೆ. ಅದನ್ನ ಸರಿ ಮಾಡಿದೆ."

ಸೆಫೊ ಹೆಂಡತಿಯನ್ನು ಸುಡುವಂತೆ ನೋಡಿದ. ಅವಳು ತಣ್ಣಗೆ ಕೆಸುವಿನೆಲೆ ಬಡಿಸುತ್ತಿದ್ದಳು. ಅತ್ತೆ ಎಣ್ಣೆಗೈ ಉಜ್ಜಿಕೊಂಡು ಸುತ್ತ ಕಣ್ಣಾಡಿಸಿದರು. "ಇನ್ಯಾರಿಗಾದ್ರೂ ಉಳುಕಿದೆಯೇನ್ರೋ?"

ಕೆಲವು ದಿನಗಳಿಂದ ಕುಂಟುತ್ತಿದ್ದ ತಂಡದ ಹುಡುಗ ತಾನಿಯೆಲು ಥಟ್ಟನೆ ಕೈಯೆತ್ತಿದ. "ಉಳುಕಲ್ಲ ದೊಡ್ಡಮ್ಮಾ, ನಂಗೂ ಗೌಟೇ! ಈಗ್ಲೇ ಒಪ್ಕೊಂಡಿದೀನಿ, ಮುಟ್ಬೇಡಿ!" ಅವನ ಹಿಂದೆಯೇ ಇನ್ನಿಬ್ಬರು ಕೈಯೆತ್ತಿದರು.

ಯಾರೂ ನಗಲಿಲ್ಲ. ಮಾವ ಗಂಟಲು ಸರಿಮಾಡಿಕೊಂಡರು. "ನಂಗೂ ಈ ವಯಸ್ಸಲ್ಲೇ ಶುರುವಾಗಿದ್ದು. ಮಾತ್ರೆ ಬಿಡದೆ ನುಂಗಿದ್ರೆ ಆಟಕ್ಕೇನೂ ಅಡ್ಡಿಯಿಲ್ಲ."

ಸೆಫೊನ ಎದೆ ಉಬ್ಬಿತು. ಇಷ್ಟೇ ತಾನೇ!

"ಆದ್ರೆ ನಾಯಕ ಅನ್ನಿಸ್ಕೊಳ್ಳೋನು ಹಿಂಡಿಸ್ಕೊಳ್ಳದೇ ನಿಜ ಹೇಳ್ಬೇಕು," ಎನ್ನುತ್ತ ಮಾವ ಅಳಿಯನ ತಲೆಯ ಮೇಲಿಂದ ಕೈ ಚಾಚಿದರು. "ಏಳೋ ತಾನಿಯೆಲು. ಈ ಸಲ ನಾಯಕ ನೀನೇ."

ಮನೆಯೆಲ್ಲ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಮಸಿನಾ.